ರಕ್ತ ಕೇಳಿದವರಿಗೆ ತಬಕು ತೋರಿಸಿದೆ

ಹುಡುಗಿಯ ಅಪ್ಪ ನಮ್ಮ ಜಗಲಿಯಲ್ಲಿ ಕೂತು ಆ ಪ್ರಶ್ನೆ ಕೇಳಿದಾಗ ಅವರ ಬಲಗೆನ್ನೆಯಲ್ಲಿ ಕವಳ ಇತ್ತು. ಎಲೆ, ಅಡಿಕೆ, ಸುಣ್ಣ, ಒಂದು ಚೂರು ತಂಬಾಕು. ನಮ್ಮದೇ ತಬಕಿನಿಂದ ಎಲೆ ತೆಗೆದು, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಸಾವಕಾಶವಾಗಿ ಮಡಚಿ ಹಾಕಿಕೊಂಡದ್ದು. ತಬಕೆಂದರೆ ಕವಳದ ಸಾಮಾನು ಇಡುವ ಹಿತ್ತಾಳೆಯ ಸಣ್ಣ ಹರಿವಾಣ, ಅಷ್ಟೇ. ಆದರೆ ನಮ್ಮ ಕಡೆ ಅದನ್ನು ಮುಂದಿಡದೆ ಮದುವೆಯ ಮಾತು ಶುರುವಾಗುವುದಿಲ್ಲ. ಅದಕ್ಕಿರುವ ಮರ್ಯಾದೆ ಮನೆಯ ಹೆಂಗಸರಿಗೂ ಇಲ್ಲ.

"ಒಂದು ಮಾತು ಕೇಳ್ತೆ, ಬೇಜಾರು ಮಾಡ್ಕಳಡಿ," ಎಂದರು. ಮುಖ ನಮ್ಮನೆಯವರ ಕಡೆಗಿತ್ತು, ನನ್ನ ಕಡೆಗಲ್ಲ. "ಈ ಅನ್ನನಾಳದ ಕ್ಯಾನ್ಸರು ನಿಂಗಳ ವಂಶದಲ್ಲೇ ಇದ್ದಡ. ಹೌದನ?"

ನಮ್ಮನೆಯವರು ಹೊದ್ದ ಶಾಲನ್ನು ಮತ್ತೊಮ್ಮೆ ಹೊದ್ದರು. ಮೈದುನ ಮಾಡಿನ ಹಂಚು ನೋಡತೊಡಗಿದ, ಈಗಷ್ಟೇ ಯಾರೋ ಹೊದಿಸಿ ಹೋದ ಹಾಗೆ. ಬಾಗಿಲ ಹಿಂದೆ ಅತ್ತೆ ಒರಳು ಕುಟ್ಟುವ ಸದ್ದು ನಿಂತಿತು. ನನ್ನ ಮಗ, ಯಾರ ಮದುವೆಯೋ ಅವನು, ತಲೆ ತಗ್ಗಿಸಿದ. ಹುಡುಗಿ ಅಪ್ಪನ ಪಕ್ಕದಲ್ಲಿ ಕಾರಿನ ಕೀಲಿ ಹಿಡಿದು ಕೂತಿದ್ದಳು. ಹುಲಗೋಳದಿಂದ ಹೇರೂರಿನ ತನಕ ಕಾರು ಓಡಿಸಿಕೊಂಡು ಬಂದವಳು ಅವಳೇ. ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನೋಡಿದ ಕೂಡಲೇ ನನಗೆ ಹಿಡಿಸಿದ್ದಳು.

ಬೆಳಗಿನಿಂದ ನನಗೆ ಪಾಠ ಆಗಿತ್ತು. ಯಾರಾದರೂ ಕೇಳಿದರೆ 'ಅಲ್ಸರ್ ಆಗಿತ್ತು, ಆಪರೇಷನ್ ಆತು, ಈಗ ಗುಣ' ಎನ್ನಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾಕೆಂದರೆ ಮೊದಲು ಬಂದ ಎರಡು ಸಂಬಂಧಗಳು ಜಾತಕ ಹೊಂದಲಿಲ್ಲ ಎಂಬ ಹೆಸರಿನಲ್ಲಿ ತಪ್ಪಿದ್ದವು. ಹೊಂದದ್ದು ಜಾತಕವಲ್ಲ, ನನ್ನ ಗಂಟಲು ಎನ್ನುವುದು ಊರಿಗೇ ಗೊತ್ತು. ಊರಿನ ಲೆಕ್ಕ ಸರಳ. ಹುಡುಗನ ಅಜ್ಜನಿಗೆ ಅದೇ ಕಾಯಿಲೆ, ಅಜ್ಜನ ಅಣ್ಣನಿಗೂ ಅದೇ, ಈಗ ಅವನ ತಾಯಿಗೂ ಅದೇ. ಅಪ್ಪನ ಕಡೆಯಿಂದಲೂ ಬಂತು, ಆಯಿಯ ಕಡೆಯಿಂದಲೂ ಬಂತು. ನನ್ನ ಮಗ ಎರಡೂ ಕಡೆಯಿಂದ ಮುಗಿದವನು. ಇದಕ್ಕೆ ಉತ್ತರ ಹೇಳದೆ ಈ ಮದುವೆ ಆಗುವ ಹಾಗಿರಲಿಲ್ಲ.

ಉತ್ತರ ನನ್ನ ಬಳಿ ಇತ್ತು. ಅದನ್ನು ಸಂಪಾದಿಸಲಿಕ್ಕೆ ನನ್ನ ಅನ್ನನಾಳವನ್ನೇ ಕೊಟ್ಟಿದ್ದೆ.

ನನ್ನ ತವರು ಯಲ್ಲಾಪುರ. ಅಲ್ಲಿ ನಮ್ಮ ದಿನನಿತ್ಯದ ಜೀರಿಗೆ-ಕೊತ್ತಂಬರಿ ಕಷಾಯವೆಂದರೆ ಎರಡು ಲೋಟಗಳ ನಡುವೆ ಮೇಲಿಂದ ಕೆಳಗೆ ಹೊಯ್ದು, ಆರಿಸಿ, ನೊರೆ ಬಂದ ಮೇಲೆ ಕುಡಿಯುವ ವಸ್ತು. ಅಮ್ಮನ ಕೈಯಲ್ಲಿ ಅದು ಮಾರುದ್ದ ಇಳಿಯುತ್ತಿತ್ತು. ಮದುವೆಯಾಗಿ ಹೇರೂರಿಗೆ ಬಂದ ಮರುದಿನ ಬೆಳಿಗ್ಗೆ ಗಂಡನ ಅಜ್ಜಿ ನನ್ನನ್ನು ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದರು. ಒಲೆಯಿಂದ ಇಳಿಸಿದ ಪಾತ್ರೆಯಿಂದಲೇ ಲೋಟಕ್ಕೆ ಕಷಾಯ ಬಗ್ಗಿಸಿ ಕೈಗೆ ಕೊಟ್ಟರು. ನಾನು ಊದಲು ಬಾಯಿ ಮುಂದೆ ಮಾಡಿದೆ.

"ಊದಡ ಕೂಸೆ," ಎಂದರು ಅಜ್ಜಿ. "ನಮ್ಮನೇಲಿ ಯಾರೂ ಊದ್ತ್ವಿಲ್ಲೆ. ಹಬೆ ಹೋದ ಕಷಾಯ ಹೆಣದ ಬಾಯಿಗೆ."

ಸುತ್ತ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಅದು ಆ ಮನೆಯ ಪದ್ಧತಿ. ಹೊಸ ಸೊಸೆ ಊದದೆ ಕುಡಿದರೆ ಮನೆಗೆ ಹೊಂದಿಕೊಂಡಳು ಎಂದರ್ಥ. ಯಲ್ಲಾಪುರದ ಮಾನ ನನ್ನ ನಾಲಿಗೆಯ ಮೇಲಿತ್ತು. ಕುಡಿದೆ. ಅಂಗುಳ ಸುಟ್ಟು ಸಿಪ್ಪೆ ಎದ್ದಿತು, ಕಣ್ಣಲ್ಲಿ ನೀರು ಬಂತು, ಎರಡು ದಿನ ಉಪ್ಪಿನಕಾಯಿ ಮುಟ್ಟಲಾಗಲಿಲ್ಲ. "ನಮ್ಮನೆ ಗಂಟ್ಲು ಬಂತು ಕೂಸಿಗೆ!" ಎಂದು ಅಜ್ಜಿ ಕೈತಟ್ಟಿದರು. ನನಗೆ ಹೆಮ್ಮೆಯೇ ಆಯಿತು, ಯಾಕೆ ಸುಳ್ಳು ಹೇಳಲಿ. ಆಮೇಲೆ ತಬಕು ಬಂತು. ಅದರಲ್ಲೂ ಹಿಂದೆ ಬೀಳಲಿಲ್ಲ. ಕೆಲವೇ ವರ್ಷಗಳಲ್ಲಿ ಮಾವನ ಜೊತೆ ಸರಿಸಮವಾಗಿ ಕವಳ ಹಾಕುವಷ್ಟು ತಯಾರಾದೆ. ಆ ಮನೆಯಲ್ಲಿ ಸೊಸೆಗೆ ಮಾವನ ಎದುರು ಕುರ್ಚಿಯಲ್ಲಿ ಕೂರುವ ಸ್ವಾತಂತ್ರ್ಯ ಇರಲಿಲ್ಲ. ಕವಳ ಹಾಕುವ ಸ್ವಾತಂತ್ರ್ಯ ಧಾರಾಳ ಇತ್ತು.

ಮೊದಲು ಹೋದವರು ಮಾವನ ಅಣ್ಣ. ಅವರನ್ನು ನಾನು ಹೆಚ್ಚು ಕಂಡಿಲ್ಲ. ಮಾವನದ್ದು ಕಣ್ಣೆದುರಿಗೇ ಆಯಿತು. ಮೊದಲು ರೊಟ್ಟಿ ಬಿಟ್ಟರು, ಆಮೇಲೆ ಅನ್ನ, ಆಮೇಲೆ ಗಂಜಿ. ಕೊನೆಗೆ ಹಾಲೂ ನಿಂತು ನಿಂತು ಇಳಿಯುತ್ತಿತ್ತು. ಆಗಲೂ ಅವರಿಗೆ ಕಷಾಯ ಕುದಿಯುತ್ತಲೇ ಬೇಕು. "ಬಿಸಿ ಇದ್ರೆ ದಾರಿ ಬಿಡ್ತು," ಎನ್ನುತ್ತಿದ್ದರು. ತಂದುಕೊಟ್ಟವಳು ನಾನೇ. ಊಟವೆಂದರೆ ಪ್ರಾಣವಾಗಿದ್ದ ಮನುಷ್ಯ, ಬಡಿಸಿದ ಎಲೆಯ ಮುಂದೆ ಕೂತು ವಾಸನೆ ನೋಡಿ ಎದ್ದು ಹೋಗುತ್ತಿದ್ದರು. ಅದನ್ನು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ದುಃಖಕ್ಕಿಂತ ಸಿಟ್ಟೇ ಮೊದಲು ಬರುತ್ತದೆ.

ಮಾವ ಹೋದ ಮೇಲೆ ಮನೆಯವರು ಜೋಯಿಸರ ಹತ್ತಿರ ಕಾರಣ ಕೇಳಲು ಹೋದರು. ಬಾಯಾರಿ ಬಂದ ಯಾರಿಗೋ ಹಿಂದಿನವರ್ಯಾರೋ ನೀರು ಕೊಡದೆ ಕಳಿಸಿದ್ದರಂತೆ. ಆ ದೋಷ ಗಂಡುಸಂತಾನದ ಗಂಟಲಿಗೆ ಕೂತಿದೆಯಂತೆ. ಶಾಂತಿ ಆಗಬೇಕು. ಆಯಿತು. ನಮ್ಮನೆಯವರು, ಮೈದುನ, ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಮಗ, ಮನೆಯ ಗಂಡಸರೆಲ್ಲ ಮಣೆಯ ಮೇಲೆ ಕೂತು ಹೊಗೆಗೆ ಕಣ್ಣುಜ್ಜಿಕೊಂಡರು. ನಾವು ಹೆಂಗಸರು ಅಡಿಗೆಮನೆಯಲ್ಲಿ ಬೆವರಿದೆವು. ಪೂರ್ಣಾಹುತಿ ಮುಗಿಯಿತು. ಗಂಟಲು ಕಾಪಾಡೆಂದು ದೇವರಿಗೆ ಕೈಮುಗಿದವರು ಒಬ್ಬೊಬ್ಬರಾಗಿ ಜಗಲಿಗೆ ಬಂದು ಕೂತರು. ಕುದಿಯುವ ಕಷಾಯ ಹೋಯಿತು. ಹಿಂದೆಯೇ ತಬಕು ಹೋಯಿತು. ತಂಬಾಕು ಸಾಲದೆ ಬಂದು ಮತ್ತೆ ಒಳಗಿನಿಂದ ತರಿಸಿದರು. ಭಟ್ಟರೂ ಹಾಕಿದರು. ನಾನೂ ಹಾಕಿದೆ.

ಇದಕ್ಕಿಂತ ದೊಡ್ಡ ಹಾಸ್ಯವನ್ನು ನಾನು ಯಾವ ಯಕ್ಷಗಾನದ ಆಟದಲ್ಲೂ ಕಂಡಿಲ್ಲ. ಆ ದಿನ ಮಾತ್ರ ಯಾರಿಗೂ ನಗು ಬರಲಿಲ್ಲ.

ಶಾಂತಿಯ ಜೊತೆಗೆ ಒಂದು ಬುದ್ಧಿವಂತಿಕೆಯ ಕೆಲಸವೂ ನಡೆಯಿತು. ಗಂಡಸರು ಆಗೀಗ ಶಿರಸಿಗೆ ಹೋಗಿ ಗಂಟಲಿಗೆ ಟ್ಯೂಬು ಹಾಕಿಸಿ ನೋಡಿಸಿಕೊಂಡು ಬರತೊಡಗಿದರು. ಅದು ಒಳ್ಳೆಯದೇ. ಆದರೆ ಹೆಂಗಸರ ಗಂಟಲಿನ ಹೆಸರನ್ನು ಯಾರೂ ಎತ್ತಲಿಲ್ಲ. ನಾವು ಹೊರಗಿನಿಂದ ಬಂದವರು, ನಮ್ಮದು ಬೇರೆ ರಕ್ತ, ನಮಗೆಂತ ಭಯ? ಧಾರೆ ಎರೆದ ದಿನ ನನ್ನ ಗೋತ್ರ ಬದಲಾಯಿತು. ಹೆಸರಿನ ಹಿಂದಿದ್ದದ್ದು ಬದಲಾಯಿತು. ಈ ಮನೆಯ ಹತ್ತನೇ ತಲೆಯ ದಾಯಾದಿ ಸತ್ತರೂ ಸೂತಕ ನನಗೆ. ಹೆತ್ತಮ್ಮನ ಕಡೆಯವರು ಹೋದರೆ ಮಿಂದರೆ ಮುಗಿಯಿತು. ಎಲ್ಲದಕ್ಕೂ ಈ ಮನೆಯವಳು, ಕಾಯಿಲೆಯ ಮಾತು ಬಂದಾಗ ಮಾತ್ರ ಯಲ್ಲಾಪುರದವಳು. ಆ ಧೈರ್ಯದಲ್ಲಿ ನಾನು ಕವಳ ಇನ್ನಷ್ಟು ಜೋರಾಗಿ ಅಗಿದೆ.

ಒಂದು ದಿನ ತೆಳ್ಳೇವು ಸಿಕ್ಕಿಕೊಂಡಿತು. ಎಷ್ಟು ತೆಳುವಾದ ದೋಸೆ ಅದು, ಹಲ್ಲಿಲ್ಲದವರೂ ತಿನ್ನುವಂಥದ್ದು. ಎದೆಯ ನಡುವೆ ನಿಂತು ಬಿಸಿನೀರು ಕುಡಿದ ಮೇಲೆ ಇಳಿಯಿತು. ಅತ್ತೆ ಪಿತ್ತ ಎಂದರು. ನಮ್ಮನೆಯವರು ಗಡಬಡಿಸಿ ತಿಂದರೆ ಹಾಗೆಯೇ ಎಂದರು. ಆ ಮನುಷ್ಯನಿಗೆ ತಾನು ಬಾಯಿ ತೆರೆದರೆ ಒಳಗೇನಿದೆ ಎಂಬುದು ಫೋಟೋ ಸಮೇತ ಗೊತ್ತು, ಎದುರಿಗೆ ಕೂತ ಹೆಂಡತಿ ತುತ್ತಿಗೊಮ್ಮೆ ನೀರು ಕುಡಿಯುವುದು ಕಾಣಲಿಲ್ಲ. ಮಳೆಗಾಲ ಹೀಗೇ ಕಳೆಯಿತು. ರವಿಕೆ ಸಡಿಲಾದಾಗ ಊರಿನವರು ಸಪೂರಾಗಿ ಚಂದ ಕಾಣುತ್ತೀಯೆಂದರು. ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಶಿರಸಿಗೆ ಹೋದೆ.

ಡಾಕ್ಟರು ಹಾವೇರಿ ಕಡೆಯ ಹೆಂಗಸು. ಸಣ್ಣ ವಯಸ್ಸು, ನೇರ ಮಾತು. ಎಲ್ಲ ಕೇಳಿದ ಮೇಲೆ, "ನಿಮ್ಮ ಮನ್ಯಾಗ ಮೊದಲ ಯಾರಿಗರ ಇತ್ತೇನ್ರಿ ಇದು?" ಎಂದರು.

"ಹೌದು. ಮಾವಂಗಿತ್ತು. ದೊಡ್ಡಮಾವಂಗಿತ್ತು."

"ಗಂಡನ ಮನಿ ಅಲ್ರಿ. ನಿಮ್ಮ ರಕ್ತಸಂಬಂಧದಾಗ. ತಾಯಿ, ತಂದಿ, ಅಣ್ಣ, ತಮ್ಮ?"

"ಅಲ್ಲಿ ಯಾರಿಗೂ ಇಲ್ಲೆ."

"ಹಂಗಾರ ಇಲ್ಲ ಅಂತ ಬರಕೋತೀನಿ. ಮಾವಂದು ಲೆಕ್ಕಕ್ಕ ಬರಂಗಿಲ್ರಿ."

ನನಗೆ ರೇಗಿತು. "ಲೆಕ್ಕಕ್ಕೆ ಎಂತಕ್ಕೆ ಬರ್ತಿಲ್ಲೆ? ಅವ್ರು ಕುಡಿದ ಪಾತ್ರೆಯಿಂದಲೇ ಕುಡಿದಿದ್ದೆ, ಅವ್ರು ತೆಗೆದ ತಬಕಿಂದಲೇ ತೆಗೆದು ತಿಂದಿದ್ದೆ, ಇಷ್ಟು ವರ್ಷ. ರಕ್ತ ಒಂದೇ ಆಗಬೇಕನ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನನ್ನ ಹಲ್ಲನ್ನು ನೋಡಿದರು ಎನ್ನುವುದು ಸರಿ. "ಬಾಯಿ ತಗೀರಿ," ಎಂದರು.

ಮರುದಿನ ಟ್ಯೂಬು ಹಾಕಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದೇ ಆಗಿತ್ತು.

ಸುದ್ದಿ ತಿಳಿದ ಸಂಜೆ ನಮ್ಮ ಮನೆಯಲ್ಲಿ ಅತ್ತ ಅಳುವಿನ ಕೆಳಗೆ ಒಂದು ಸಣ್ಣ ಸಮಾಧಾನವೂ ಇತ್ತು. ನಾನು ಕುರುಡಿಯಲ್ಲ, ನನಗೆ ಕಂಡಿತು. ದೋಷ ಗಂಡುಮಕ್ಕಳನ್ನು ಬಿಟ್ಟು ಹೊರಗಿನವಳನ್ನು ಹಿಡಿದು ಹೋಯಿತು ಎಂಬ ಸಮಾಧಾನ. ಮೈದುನ ಮೆಲ್ಲಗೆ, "ಅತ್ತಿಗೆ ತವರಲ್ಲಿ ಯಾರಿಗಾದ್ರೂ ಇತ್ತ ಹೆಂಗೆ, ಕೇಳಿ ನೋಡಕ್ಕು," ಎಂದ. ಆ ಮಾತು ನನಗಿಂತ ಮೊದಲು ಯಲ್ಲಾಪುರ ಮುಟ್ಟಿತು.

ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗಬೇಕಾದ್ದರಿಂದ ನಾನು ತವರಿನಲ್ಲೇ ಉಳಿದೆ. ಬೆಳಿಗ್ಗೆ ಎದ್ದು ತಮ್ಮನ ಜೊತೆ ಬಸ್ಸು, ಅಲ್ಲಿ ಕರೆಂಟು ಕೊಡಿಸಿಕೊಳ್ಳುವುದು, ಸಂಜೆ ವಾಪಸ್ಸು. ರೇಡಿಯೇಷನ್ನಿಗೆ ನಮ್ಮ ಜನ ಕರೆಂಟು ಎನ್ನುತ್ತಾರೆ. ಬಸ್ಸಿನಲ್ಲಿ ಒಬ್ಬ ಮುದುಕ, ಜೋರಾಗಿ ಹೊಡೀತದಾ ಎಂದು ಕೇಳಿದ. ಬಿಲ್ಲು ನೋಡಿದಾಗ ಹೊಡೀತದೆ ಎಂದೆ. ನಡುನಡುವೆ ಸಲಾಯಿನ್ನಿನಲ್ಲಿ ಕೀಮೋ. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು. ಅಮ್ಮ ಎಂಬತ್ತು ದಾಟಿದವಳು, ಮಜ್ಜಿಗೆಯನ್ನೂ ಎರಡು ಲೋಟದಲ್ಲಿ ಹೊಯ್ದು ಆರಿಸುವ ಅಭ್ಯಾಸ, ಪಕ್ಕದಲ್ಲಿ ಕೂತು ಚಮಚೆಯಲ್ಲಿ ಗಂಜಿ ಬಿಡುತ್ತಿದ್ದಳು. "ಆನು ಹಡೆದ ಗಂಟ್ಲು ಸರಿಯಿತ್ತು," ಎನ್ನುತ್ತಿದ್ದಳು. "ಅವ್ರ ಮನೆಗೆ ಹೋದ ಮೇಲೆ ಹಾಳಾತು."

ತಮ್ಮನ ಹೆಂಡತಿಗೆ ಬೇರೆ ಚಿಂತೆ. ಅತ್ತಿಗೆಗೆ ಬಂದಿದೆ ಎಂದರೆ ತನ್ನ ಮಕ್ಕಳಿಗೂ ರಕ್ತದಲ್ಲಿ ಬರುತ್ತದೆಯೇ? ಆಚೆ ಹೇರೂರಿನವರು ಇದು ಯಲ್ಲಾಪುರದ ಕಾಯಿಲೆ ಎಂದರು, ಈಚೆ ಯಲ್ಲಾಪುರದವರು ಹೇರೂರಿನದು ಎಂದರು. ಬಂಗಾರವಾಗಿದ್ದರೆ ಎರಡೂ ಮನೆಯವರು ತಮ್ಮದೆನ್ನುತ್ತಿದ್ದರು. ನಡುವೆ ಕೂದಲಿಲ್ಲದ ನಾನು ಕೂತು, ಆಯಿತು ಮಾರಾಯ್ರೇ, ಇದು ನನ್ನದು, ಯಾರಿಗೂ ಪಾಲು ಕೊಡುವುದಿಲ್ಲ ಎಂದು ಒಂದು ದಿನ ಕೂಗಿಯೇ ಬಿಟ್ಟೆ. ಕೂಗುವಷ್ಟು ಗಂಟಲು ಉಳಿದಿದೆಯಲ್ಲ ಎಂದು ನನಗೇ ಖುಷಿಯಾಯಿತು.

ಕೊನೆಗೆ ಆಪರೇಷನ್. ಕೆಟ್ಟುಹೋದ ನಾಳವನ್ನು ತೆಗೆದು ಹೊಟ್ಟೆಯನ್ನೇ ಮೇಲಕ್ಕೆಳೆದು ಕಟ್ಟಿದ್ದಾರೆ. ಈಗ ನಾನು ಊಟ ಮಾಡುವುದು ಗುಬ್ಬಿಯ ಹಾಗೆ, ಸ್ವಲ್ಪ ಸ್ವಲ್ಪ, ಹಲವು ಸಲ. ಮಲಗುವುದು ದಿಂಬಿಗೆ ಒರಗಿ, ಅರ್ಧ ಕೂತ ಹಾಗೆ. ಇಷ್ಟಾದರೂ ಬದುಕಿದ್ದೇನೆ. ಬೇಗ ತೋರಿಸಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲವೇನೋ.

ಗುಣವಾದ ಮೇಲೆ ಶಿರಸಿಯ ಡಾಕ್ಟರ ಹತ್ತಿರ ಹೋಗಿ ನನ್ನ ಒಂದೇ ಪ್ರಶ್ನೆ ಕೇಳಿದೆ. "ಯನ್ನ ಮಗಂಗೆ ಬತ್ತನ? ಸುಳ್ಳು ಹೇಳಡಿ."

"ಸುಳ್ಳು ಹೇಳಂಗಿಲ್ರಿ," ಎಂದರು ಅವರು. "ಹತ್ತಿರದವರಿಗೆ ಇದ್ದರ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಭಯ ಇರಬಹುದು. ಅಂಗೈ ಅಂಗಾಲು ದಪ್ಪಾಗೋ ಒಂದು ಅಪರೂಪದ ಕಾಯಿಲಿ ಐತಿ, ಅಂಥಾ ಮನ್ಯಾಗ ಮಾತ್ರ ಇದು ಖರೇ ಅಂದ್ರ ವಂಶದಾಗ ಇಳೀತೈತಿ. ನಿಮ್ಮಲ್ಲಿ ಅದಿಲ್ಲ. ಬಾಳ ಮಂದಿಗೆ ಇದು ಬರೋದು ತಂಬಾಕಿನಿಂದ, ಅಡಿಕೆಯಿಂದ, ಕುಡಿತದಿಂದ. ಸುಡು ಸುಡು ಕುಡಿಯೋದೂ ಅದಕ್ಕ ಕೈ ಹಚ್ಚತೈತಿ. ಒಂದ ಮನ್ಯಾಗ ಮೂರು ಮಂದಿಗೆ ಬಂದ್ರ ಎಲ್ಲಾರೂ ರಕ್ತ ಅಂತಾರ. ಆ ಮೂರೂ ಮಂದಿ ಏನು ತಿಂದ್ರು, ಏನು ಕುಡದ್ರು ಅಂತ ಯಾರೂ ಕೇಳಂಗಿಲ್ಲ." ಪೆನ್ನು ಕೆಳಗಿಟ್ಟು, "ನಿಮ್ಮ ಮಗ ಹಾಕ್ತಾನೇನ್ರಿ?" ಎಂದರು.

ಹಾಕುತ್ತಿದ್ದ. ನನಗೆ ಗೊತ್ತಿತ್ತು. ಅಡಿಕೆ ವ್ಯಾಪಾರದ ಸಂಘದಲ್ಲಿ ಕೆಲಸ, ಅಲ್ಲಿ ಬಾಯಿ ಖಾಲಿ ಇದ್ದವನೇ ಇಲ್ಲ. ಮನೆಗೆ ಬಂದು ಅವನ ಕರವಸ್ತ್ರದ ಕೆಂಪು ಕಲೆ ಎದುರಿಗೆ ಹಿಡಿದೆ. ಅವನು ಹೇಳಿದ ಮಾತು ಇದು. "ಬಪ್ಪದಿದ್ರೆ ಹೆಂಗೂ ಬತ್ತು ಆಯಿ. ರಕ್ತದಲ್ಲೇ ಇದ್ದು ಅಂದ ಮೇಲೆ ಬಿಟ್ಟು ಎಂತ ಪ್ರಯೋಜನ?"

ಆ ಕ್ಷಣ ನನಗೆ ಈ ರಕ್ತದ ಮಾತಿನ ಗುಟ್ಟು ತಿಳಿಯಿತು. ಎಲ್ಲರಿಗೂ ಅದು ಯಾಕಿಷ್ಟು ಪ್ರೀತಿ ಎಂದು ತಿಳಿಯಿತು. ರಕ್ತದ ಮೇಲೆ ಹಾಕಿದರೆ ಯಾರೂ ಏನೂ ಬಿಡಬೇಕಾಗಿಲ್ಲ. ದೋಷ ಸತ್ತವರದ್ದು, ಶಾಂತಿ ಭಟ್ಟರದ್ದು, ಕವಳ ಮಾತ್ರ ನಮ್ಮದು. ತಬಕನ್ನು ತೆಗೆದುಕೊಂಡು ಹೋಗಿ ಅಟ್ಟಕ್ಕೆ ಹಾಕಿದೆ. ಕಷಾಯವನ್ನು ಎರಡು ಲೋಟದಲ್ಲಿ ಹೊಯ್ದು ಆರಿಸಿ ಕೊಡತೊಡಗಿದೆ. ಅತ್ತೆ ಆ ದಿನವೇ ಆಳಿನ ಕೈಲಿ ತಬಕನ್ನು ಇಳಿಸಿದರು. ಅವರಿಗೆ ಎಂಬತ್ತೈದರ ಹತ್ತಿರ. ಹಲ್ಲಿಲ್ಲ, ಒರಳಿನಲ್ಲಿ ಕುಟ್ಟಿ ಹಾಕಿಕೊಳ್ಳುತ್ತಾರೆ. "ಯಂಗೆ ಎಂತ ಆತು ಹೇಳು? ಆನೂ ನಿನ್ನಂಗೇ ಹೊರಗಿಂದ ಬಂದವ್ಳು, ನಿನ್ನಂಗೇ ತಿಂದವ್ಳು," ಎಂದು ನನ್ನ ಬಾಯಿ ಮುಚ್ಚಿಸಲು ನೋಡುತ್ತಾರೆ.

"ಶಿರಸಿ ಪೇಟೇಲಿ ಅತ್ತ ಇತ್ತ ನೋಡದ್ದೆ ರಸ್ತೆ ದಾಟಿದವ್ರೆಲ್ಲ ಬಸ್ಸಿನಡಿಗೆ ಬೀಳ್ತ್ವಿಲ್ಲೆ ಅತ್ತೆ. ಹಂಗಂತ ಕಣ್ಣು ಮುಚ್ಚಿ ದಾಟು ಹೇಳಿ ಮೊಮ್ಮಗಂಗೆ ಹೇಳ್ತ್ರನು?" ಎಂದೆ. ಅತ್ತೆ ಒರಳು ಕುಟ್ಟುವುದನ್ನು ಜೋರು ಮಾಡಿದರು.

ಹೀಗಿರುವಾಗಲೇ ಈ ಸಂಬಂಧ ಬಂದದ್ದು, ಮನೆ ನೋಡಲು ಅಪ್ಪ ಮಗಳು ಬಂದದ್ದು, ಮರ್ಯಾದೆಗೆಂದು ತಬಕು ಜಗಲಿಗೆ ಬಂದದ್ದು. ನಾನು ತಡೆಯಲಿಲ್ಲ. ಮಗನ ಮದುವೆಯ ಆಸೆ ನನ್ನನ್ನೂ ಹೇಡಿ ಮಾಡಿತ್ತು. ಅಲ್ಸರ್ ಎಂಬ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಪ್ರಶ್ನೆ ಬಂದದ್ದು ಕೆಂಪು ಬಾಯಿಯಿಂದ. ಅದನ್ನು ನೋಡಿದ ಮೇಲೆ ನನ್ನಿಂದಾಗಲಿಲ್ಲ.

"ಉತ್ತರ ಆನು ಹೇಳ್ತೆ," ಎಂದೆ. "ಮೊದ್ಲು ನಿಂಗ ಬಾಯಲ್ಲಿದ್ದಿದ್ದು ಉಗಿದು ಬನ್ನಿ."

"ಮನೆಗೆ ಬಂದವಕ್ಕೆ ಹಿಂಗೆ ಹೇಳದನೇ!" ಎಂದು ಬಾಗಿಲ ಹಿಂದಿನಿಂದ ಅತ್ತೆ. ನಮ್ಮನೆಯವರು ಕಣ್ಣಲ್ಲೇ ಬೇಡಿಕೊಂಡರು. ನನ್ನ ಮಾತು ಒಮ್ಮೆ ಹರಿದ ಮೇಲೆ ನಿಲ್ಲಲಿಲ್ಲ. "ರಕ್ತದಲ್ಲಿ ಇದ್ದ ಇಲ್ಯ ಕೇಳ್ತ್ರಿ. ಆನು ಈ ಮನೆ ರಕ್ತ ಅಲ್ಲ. ಯನ್ನ ತವರಲ್ಲಿ ಯಾರಿಗೂ ಇಲ್ಲೆ. ಆದ್ರೂ ಯಂಗೆ ಬಂತು. ಅಲ್ಸರ್ ಅಲ್ಲ, ಕ್ಯಾನ್ಸರ್ರೇ. ಬಂದಿದ್ದು ಇದ್ರಿಂದ," ಎಂದು ತಬಕನ್ನು ಎತ್ತಿ ಅವರ ಮುಂದೆ ಹಿಡಿದೆ. "ಮಗಳನ್ನ ಕೊಡವು ಅಂದ್ರೆ ಹುಡುಗನ ಗೋತ್ರ ಕೇಳಡಿ, ಬಾಯಿ ತೆಗೆಸಿ ನೋಡಿ." ಮಗನ ಕಡೆ ತಿರುಗಿದೆ. ಅವನ ಕೆನ್ನೆಯಲ್ಲೂ ಕವಳ ಇತ್ತು. "ನೀನೂ ಹೋಗು. ಇವತ್ತು ಉಗಿದಿದ್ದು ಮತ್ತೆ ಬಾಯಿಗೆ ಹೋತು ಅಂದ್ರೆ ಮದುವೆ ಮುರಿಯವ್ಳು ಆನೇ."

ಮಗನ ಕಿವಿ ಕೆಂಪಾಯಿತು. ಹುಡುಗಿ ಅವನನ್ನೇ ನೋಡುತ್ತಿದ್ದಳು, ಪರೀಕ್ಷೆಯ ಹಾಲಿನಲ್ಲಿ ನಿಂತ ಮೇಡಮ್ಮಿನ ಹಾಗೆ. ಅವನು ಎದ್ದ. ಅವನ ಹಿಂದೆ, ನಾನು ಎಣಿಸಿರದಿದ್ದರೂ, ಹುಡುಗಿಯ ಅಪ್ಪನೂ ಎದ್ದರು. ಇಬ್ಬರೂ ಅಂಗಳದಂಚಿನಲ್ಲಿ ನಿಂತು ಉಗಿದು, ಒಂದೇ ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದರು. ಸಿಟ್ಟಾಗಿ ಕಾರು ಹತ್ತುತ್ತಾರೆ ಎಂದುಕೊಂಡಿದ್ದೆ. ಅವರು ಬಂದು ಅದೇ ಜಾಗದಲ್ಲಿ ಕೂತರು.

ಆಗ ನನ್ನ ಕಣ್ಣು ಅವರ ತಟ್ಟೆಯ ಮೇಲೆ ಬಿತ್ತು. ಕೊಟ್ಟ ತೆಳ್ಳೇವಿನ ಅಂಚು ಮಾತ್ರ ಮುರಿದಿತ್ತು. ಹಲ್ಲುನೋವು ಎಂದು ಪಕ್ಕಕ್ಕಿಟ್ಟಿದ್ದರು. ಕಷಾಯ ಮಾತ್ರ ಬಿಸಿಬಿಸಿಯಾಗಿ ಕೇಳಿ ಕುಡಿದಿದ್ದರು. ಹಲ್ಲುನೋವಿದ್ದವರು ಅಡಿಕೆ ಅಗಿಯುತ್ತಾರೆಯೇ? ಅವರ ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಒಂದು ಕಾಲದಲ್ಲಿ ನನ್ನ ರವಿಕೆ ಹೀಗೇ ಆಗಿತ್ತು.

"ತೆಳ್ಳೇವು ಎಲ್ಲಿ ನಿಂತ್ಕಳ್ತು?" ಎಂದು ಕೇಳಿದೆ.

ಅವರು ಬೆರಳೊಂದನ್ನು ಎತ್ತಿ ಎದೆಯ ನಡುವೆ ಇಟ್ಟರು. ನಾನು ಶಿರಸಿಯಲ್ಲಿ ಡಾಕ್ಟರಿಗೆ ತೋರಿಸಿದ್ದ ಜಾಗವೇ.

"ಅಪ್ಪಯ್ಯ?" ಎಂದಳು ಮಗಳು. ಅವಳ ಕೈಯಲ್ಲಿದ್ದ ಕೀಲಿ ನೆಲಕ್ಕೆ ಬಿತ್ತು.

"ದೀಪಾವಳಿಯಿಂದ ಹಿಂಗೆ," ಎಂದರು ಅವರು, ತಲೆ ಎತ್ತದೆ. "ನಮ್ಮನೇಲಿ ಯಾರಿಗೂ ಇಲ್ಲೆ, ಯಂಗೆ ಬಪ್ಪಲೆ ಸಾಧ್ಯ ಇಲ್ಲೆ ಹೇಳಿ ಮಾಡ್ಕಂಡಿದ್ದೆ. ವಂಶದಲ್ಲಿ ಬಪ್ಪದು ಅಂತ ನಿಂಗ ಹೇಳಿದ್ರೆ ಸಮಾಧಾನ ಆಗ್ತಿತ್ತು ತಂಗಿ. ಅದಕ್ಕೇ ಕೇಳಿದ್ದು."

ಈ ಮನುಷ್ಯ ಕೇಳಿದ್ದು ನನ್ನ ಮಗನ ವಿಷಯವನ್ನಲ್ಲ. ನಾನು ಇಷ್ಟು ಹೊತ್ತು ಕೂಗಿದ್ದು ಒಬ್ಬ ಹೆದರಿದವನ ಮೇಲೆ. ಆದರೂ ಕೂಗಿದ್ದಕ್ಕೆ ನನಗೆ ಬೇಸರವಿಲ್ಲ. ಮೆಲ್ಲಗೆ ಹೇಳಿದ್ದರೆ ಅವರು ಹಲ್ಲುನೋವನ್ನೇ ಮನೆಗೆ ಕರೆದುಕೊಂಡು ಹೋಗುತ್ತಿದ್ದರು.

"ನಾಳೆ ಬೆಳಿಗ್ಗೆ ಎಂತದೂ ತಿನ್ನಡಿ, ನೀರೂ ಬ್ಯಾಡ. ಶಿರಸಿಗೆ ಬನ್ನಿ. ಆನೂ ಬತ್ತೆ," ಎಂದೆ. "ಯಾರದ್ದು ಅಂತ ಜಗಳ ಆಮೇಲೆ ಮಾಡನ."

ಮರುದಿನ ನಾನು ಮಗನ ಜೊತೆ ಶಿರಸಿಗೆ ಹೋದೆ. ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಅವನ ಕೆನ್ನೆ ಖಾಲಿ ಇತ್ತು. ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಅಪ್ಪ ಮಗಳು ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಮದುವೆಯ ಮಾತು ಮತ್ತೆ ಯಾರೂ ಎತ್ತಿರಲಿಲ್ಲ. ಆಯಿತೋ ಹೋಯಿತೋ ನನಗೂ ಗೊತ್ತಿರಲಿಲ್ಲ, ಕೇಳುವ ಹೊತ್ತೂ ಅದಲ್ಲ. ಹೆಸರು ಕೂಗಿದಾಗ ಅವರು ಏಳಲು ತಡವರಿಸಿದರು. ನಾನೂ ಜೊತೆಗೆ ಒಳಗೆ ಹೋದೆ.

ಅದೇ ಡಾಕ್ಟರು. ಅದೇ ಪೆನ್ನು. ಎಷ್ಟು ದಿನದಿಂದ, ಏನು ಇಳಿಯುತ್ತದೆ, ಏನು ಇಳಿಯುವುದಿಲ್ಲ, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಅದೇ ಪ್ರಶ್ನೆ. "ಮನ್ಯಾಗ ಮೊದಲ ಯಾರಿಗರ ಇತ್ತೇನ್ರಿ ಇದು?"

ಅವರು ನನ್ನ ಕಡೆ ತಿರುಗಿ ಬೆರಳು ಮಾಡಿದರು. "ಇವಕ್ಕಿತ್ತು."

"ಇವರು ನಿಮಗೇನಾಗಬೇಕು?"

"ಬೀಗಿತಿ," ಎಂದರು ಅವರು. "ಯನ್ನ ಮಗಳ ಅತ್ತೆ."

ನನ್ನ ಕಣ್ಣು ತುಂಬಿತು. ಜಾತಕವಿಲ್ಲ, ತಬಕಿಲ್ಲ, ಖಾಲಿ ಹೊಟ್ಟೆಯಲ್ಲಿ ಕೂತ ಮನುಷ್ಯ ನನ್ನ ಮಗನ ಮದುವೆ ನಿಶ್ಚಯ ಮಾಡಿಬಿಟ್ಟಿದ್ದರು. ಡಾಕ್ಟರು ಪೆನ್ನು ಎತ್ತಿ, "ಬೀಗರದು ಲೆಕ್ಕಕ್ಕ..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

"ಬರ್ಕಳಿ," ಎಂದೆ ನಾನು.

ಅವರು ಬರೆದುಕೊಂಡರು. ಆಮೇಲೆ ಬೀಗರಿಗೆ ಮಂಚದ ಮೇಲೆ ಮಗ್ಗುಲಾಗಿ ಮಲಗಲು ಹೇಳಿದರು, ಬಾಯಿ ದೊಡ್ಡದಾಗಿ ತೆರೆಯಲು ಹೇಳಿದರು. ನಾನು ಅವರ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿಟ್ಟು, ಹೊರಗೆ ಹೋಗಿ ನನ್ನ ಸೊಸೆಯ ಪಕ್ಕದಲ್ಲಿ ಕೂತೆ.